ಅಮ್ಮ ‘ನನಗೆ ವೆಂಟಿಲೇಟರ್ ಬೇಡ’ ಅನ್ನುತ್ತಾರೆ, ಇದನ್ನು ಬರೆದಿಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ವಿಜಯನಗರದಲ್ಲಿದ್ದೇವೆ. ಅಮ್ಮನಿಗೆ 74. ಶುಗರ್ ಇದೆ, ಕಿಡ್ನಿಯೂ ಸ್ವಲ್ಪ ಕೆಟ್ಟಿದೆ. ಬುದ್ಧಿ ಮಾತ್ರ ಚುರುಕು. ಹೋದ ವರ್ಷ ಸೋದರಮಾವ ಮೂರು ವಾರ ಐಸಿಯುನಲ್ಲಿದ್ದು ತೀರಿಕೊಂಡರು. ಅದನ್ನು ನೋಡಿದಾಗಿನಿಂದ ಅಮ್ಮ, “ನನಗೆ ಹಾಗೆ ಟ್ಯೂಬ್ ಹಾಕಿ ಮಲಗಿಸಬೇಡಿ” ಎನ್ನುತ್ತಲೇ ಇದ್ದಾರೆ. ಅಣ್ಣನಿಗೆ ಈ ಮಾತೆತ್ತಿದರೆ ಸಿಟ್ಟು, ಅಪಶಕುನ ಅನ್ನುತ್ತಾನೆ. ಬರೆದಿಟ್ಟರೆ ಆಸ್ಪತ್ರೆಯವರು ಕೇಳುತ್ತಾರಾ?

ಡಾಕ್ಟರ್: ಕೇಳಬೇಕು. ಕಾನೂನು ನಿಮ್ಮ ಅಮ್ಮನ ಕಡೆಗಿದೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಲಿವಿಂಗ್ ವಿಲ್‌ಗೆ (ಮುಂದೆ ತಾನೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಪತ್ರಕ್ಕೆ) ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಜನ ಹತ್ತಿರವೂ ಸುಳಿಯಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ.

ಆದರೆ ನೋಟರಿ ಹತ್ತಿರ ಹೋಗುವುದು ಕೊನೆಯ ಕೆಲಸ. ಮೊದಲು ಅಮ್ಮನ ಜೊತೆ ಕೂತು ಮಾತಾಡಿ. ಸುಮ್ನೆ “ನರಳಿಸಬೇಡಿ” ಅಂತ ಬರೆದರೆ ನಮಗೆ ಏನೂ ತಿಳಿಯುವುದಿಲ್ಲ. ಬರೆದದ್ದು ಸ್ಪಷ್ಟವಾಗಿಲ್ಲದಿದ್ದರೆ ಅದರ ಮೇಲೆ ನಡೆಯಲು ಆಗುವುದೂ ಇಲ್ಲ. ನ್ಯುಮೋನಿಯಾ ಬಂತು ಅಂದುಕೊಳ್ಳಿ. ನಾಲ್ಕು ದಿನ ವೆಂಟಿಲೇಟರ್ ಹಾಕಿದರೆ ಎದ್ದು ಮನೆಗೆ ಬರುವ ಸಾಧ್ಯತೆ ಇದ್ದರೆ ಅಮ್ಮ ಒಪ್ಪುತ್ತಾರಾ? ದೊಡ್ಡ ಸ್ಟ್ರೋಕ್ ಆಗಿ ಮತ್ತೆ ಎಚ್ಚರ ಬರುವ ಆಸೆಯೇ ಇಲ್ಲದಿದ್ದರೆ? ಎರಡೂ ಬೇರೆ ಬೇರೆ ಅಲ್ವಾ? ಅವರ ಕಿಡ್ನಿ ಸ್ಥಿತಿಗೆ ಡಯಾಲಿಸಿಸ್ ಪ್ರಶ್ನೆಯೇ ಮೊದಲು ಬರಬಹುದು. ಮೂಗಿನ ನಳಿಕೆಯಲ್ಲಿ ಆಹಾರ, ಎದೆಬಡಿತ ನಿಂತರೆ ಎದೆ ಒತ್ತುವುದು, ಇದೆಲ್ಲವನ್ನೂ ಅವರ ಕಿಡ್ನಿ ಡಾಕ್ಟರ ಹತ್ತಿರ ಬಿಡಿಸಿ ಕೇಳಿಕೊಳ್ಳಲಿ.

ಪತ್ರದಲ್ಲಿ ಅಮ್ಮನ ಪರವಾಗಿ ಮಾತಾಡುವವರ ಹೆಸರು ಇರಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಒಂದು ಪ್ರತಿ ಅವರಿಗೆ, ಒಂದು ಫ್ಯಾಮಿಲಿ ಡಾಕ್ಟರಿಗೆ, ಇನ್ನೊಂದು ಪಾಲಿಕೆಯಂಥ ಸ್ಥಳೀಯ ಸಂಸ್ಥೆಯ ಅಧಿಕಾರಿಗೆ. ಬೀರುವಿನಲ್ಲಿ ಒಡವೆ ಪಕ್ಕ ಇಟ್ಟು ಬೀಗ ಹಾಕಬೇಡಿ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಹತ್ತುವಾಗ ಅದು ಯಾರ ಕೈಗೂ ಸಿಗುವುದಿಲ್ಲ.

ಗುಂಪಿನ ಇನ್ನೊಬ್ಬ ಸದಸ್ಯರು: ಇದು ದಯಾಮರಣ ಅಲ್ವಾ ಸರ್? ದುರುಪಯೋಗ ಆದರೆ?

ಡಾಕ್ಟರ್: ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೆ ನಮ್ಮ ದೇಶದಲ್ಲಿ ಅವಕಾಶವೇ ಇಲ್ಲ. ಇಲ್ಲಿ ನಿಲ್ಲಿಸುವುದು ಗುಣ ಮಾಡದೆ ಸಾವನ್ನು ಎಳೆಯುವ ಚಿಕಿತ್ಸೆಯನ್ನು ಮಾತ್ರ. ನೋವಿಗೆ, ಉಸಿರಾಟದ ಕಷ್ಟಕ್ಕೆ ಔಷಧಿ ಕೊನೆಯವರೆಗೂ ಕೊಡುತ್ತೇವೆ. ಬೆಂಗಳೂರಿನ ಕರುಣಾಶ್ರಯದಲ್ಲಿ ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆಯನ್ನು ಉಚಿತವಾಗಿ ಕೊಡುತ್ತಾರೆ, ಒಮ್ಮೆ ನೋಡಿದರೆ ನಿಮಗೇ ಅರ್ಥವಾಗುತ್ತದೆ. ಇನ್ನು ದುರುಪಯೋಗದ ಭಯ. ರೋಗಿ ತಾನೇ ನಿರ್ಧಾರ ಹೇಳುವ ಸ್ಥಿತಿಯಲ್ಲಿ ಇರುವವರೆಗೆ ಪತ್ರ ಲೆಕ್ಕಕ್ಕೇ ಬರುವುದಿಲ್ಲ. ಆಮೇಲೂ ಮೂವರು ಡಾಕ್ಟರ ಒಂದು ಮಂಡಳಿ, ಅದರ ಮೇಲೆ ಮೂವರ ಇನ್ನೊಂದು ಮಂಡಳಿ ಒಪ್ಪಬೇಕು. ಹೆಸರಿಸಿದವರ ಒಪ್ಪಿಗೆಯೂ ಬೇಕು.

ಪ್ರಶ್ನೆ ಕೇಳಿದವರು: ಆ ಹೊತ್ತಿಗೆ ಅಣ್ಣ ಅಡ್ಡ ಬಂದರೆ?

ಡಾಕ್ಟರ್: ಅದಕ್ಕೇ ಈಗಲೇ ಅವರನ್ನು ಕೂರಿಸಿಕೊಳ್ಳಿ. ಮಾತು ನೀವು ಆಡಬೇಡಿ, ಅಮ್ಮನೇ ಆಡಲಿ. ತಂಗಿ ಹೇಳಿದರೆ ಅಪಶಕುನ ಅನ್ನಿಸಬಹುದು, ತಾಯಿ ಹೇಳಿದರೆ ಮಗ ಕೇಳುತ್ತಾನೆ. ಒಪ್ಪಿದರೆ ಇಬ್ಬರ ಹೆಸರೂ ಇರಲಿ. ನಾಳೆ ಅಮ್ಮನ ಮನಸ್ಸು ಬದಲಾದರೆ ಪತ್ರವನ್ನೂ ಬದಲಿಸಬಹುದು, ಪೂರ್ತಿ ರದ್ದೂ ಮಾಡಬಹುದು. ಇದನ್ನು ಅಣ್ಣನಿಗೆ ಮರೆಯದೆ ಹೇಳಿ.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಎಲ್ಲ ಓದಿ ಹೇಳಿದೆ ಡಾಕ್ಟ್ರೇ. “ನಾಲ್ಕು ದಿನಕ್ಕೆ ವಾಸಿಯಾಗುವ ಹಾಗಿದ್ದರೆ ಹಾಕಲಿ, ಡಯಾಲಿಸಿಸ್ ಬಗ್ಗೆ ಯೋಚಿಸಬೇಕು” ಅಂದರು. ಭಾನುವಾರ ಅಣ್ಣನನ್ನು ಊಟಕ್ಕೆ ಕರೆದಿದ್ದಾರೆ.