140 ಕೋಟಿ ಜನರಲ್ಲಿ ನಮ್ಮ ಚಟ್ನಿ ಪುಡಿ ಕೊಳ್ಳುವವರು ಯಾರು?

ಪ್ರಶ್ನೆ: ಸರ್, ನಾವು ಧಾರವಾಡದವರು. ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. 200 ಗ್ರಾಂ ಪ್ಯಾಕಿಗೆ 180 ರೂಪಾಯಿ. ಆರ್ಡರ್ ಬಹುಪಾಲು ಬೆಂಗಳೂರಿನಿಂದಲೇ. ದುಡ್ಡು ಹಾಕುತ್ತೇನೆ ಎಂದಿರುವ ಸಂಬಂಧಿಕರೊಬ್ಬರು, "140 ಕೋಟಿ ಜನರ ದೇಶ. ನೂರಕ್ಕೆ ಒಬ್ಬರು ಕೊಂಡರೂ ಸಾಕು, ಸಣ್ಣ ಊರುಗಳಿಗೆ ಇಳಿಯಿರಿ" ಅನ್ನುತ್ತಾರೆ. ಆದರೆ ಇಲ್ಲಿನ ಕಿರಾಣಿ ಅಂಗಡಿಗಳಲ್ಲಿ ಇಟ್ಟ ಮಾಲು ಅಲ್ಲೇ ಕೂತಿದೆ. 20 ರೂಪಾಯಿ ಪ್ಯಾಕ್ ಮಾಡಿದರೆ ಹೋಗುತ್ತಾ?

ಉತ್ತರ (ಆಹಾರ ಕಂಪನಿಗಳ ಮಾರಾಟ ಸಲಹೆಗಾರ): ಮೇಡಂ, ಆ "ನೂರಕ್ಕೆ ಒಬ್ಬರು" ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ. ಬ್ಲೂಮ್ ವೆಂಚರ್ಸ್ ಎಂಬ ಹೂಡಿಕೆ ಸಂಸ್ಥೆಯ 2025ರ ವರದಿ ನೋಡಿ. ಬೇಕೆನಿಸಿದ್ದಕ್ಕೆ ಧಾರಾಳವಾಗಿ ಖರ್ಚು ಮಾಡುವವರು ಸುಮಾರು 14 ಕೋಟಿ. ಇನ್ನೊಂದು 30 ಕೋಟಿ ಜನ ಈಗೀಗ ಕೈ ಬಿಚ್ಚುತ್ತಿದ್ದಾರೆ. ಉಳಿದ ನೂರು ಕೋಟಿ ಜನರ ಹತ್ತಿರ ಅಂಥ ಖರ್ಚಿಗೆ ದುಡ್ಡೇ ಉಳಿಯುವುದಿಲ್ಲ. ಸ್ಟಾರ್ಟಪ್‌ಗಳು ಹೆಚ್ಚಾಗಿ ಮುಗಿಬೀಳುವುದು ಆ ಮೊದಲ ಗುಂಪಿನ ಮೇಲೆ. ನಿಮ್ಮ ಬೆಂಗಳೂರಿನ ಗಿರಾಕಿಗಳೂ ಅವರೇ.

ಸರ್ಕಾರದ್ದೇ ಲೆಕ್ಕ ಬೇಕಾ? 2023-24ರ ಬಳಕೆ ವೆಚ್ಚ ಸಮೀಕ್ಷೆ ಪ್ರಕಾರ ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 4,122 ರೂಪಾಯಿ, ಪಟ್ಟಣದಲ್ಲಿ 6,996. ಹಳ್ಳಿಯ ನಾಲ್ಕು ಜನರ ಮನೆ ಅಂದರೆ ಸುಮಾರು 16,500. ಬೇಳೆ, ಹಾಲು, ಔಷಧಿ, ಬಸ್ ಚಾರ್ಜು, ಮೊಬೈಲ್ ರೀಚಾರ್ಜ್ ಎಲ್ಲ ಇದರಲ್ಲೇ ಆಗಬೇಕು. ನಿಮ್ಮ ಒಂದು ಪ್ಯಾಕ್ ಇದರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಜಾಸ್ತಿ. ಅದೂ ಮನೆಯಲ್ಲೇ ಕುಟ್ಟಿಕೊಳ್ಳುವ ಪುಡಿಗೆ!

ಇನ್ನು 20 ರೂಪಾಯಿ ಪ್ಯಾಕ್. ಚಟ್ನಿ ಪುಡಿಗೆ ಜಿಎಸ್‌ಟಿ ಶೇ 5. ಅದು ತೆಗೆದರೆ 19 ರೂಪಾಯಿ. ಅಂಗಡಿಯವರಿಗೆ 3 ರೂಪಾಯಿ ಬಿಡಿ, ಹೊಸ ಬ್ರ್ಯಾಂಡ್ ಅಂದರೆ ಅದಕ್ಕಿಂತ ಜಾಸ್ತಿಯೇ ಕೇಳುತ್ತಾರೆ. ಡಿಸ್ಟ್ರಿಬ್ಯೂಟರ್‌ಗೆ ಒಂದೂವರೆ. ನಿಮ್ಮ ಕೈಗೆ ಬರುವುದು 14 ಚಿಲ್ಲರೆ. ಇದರಲ್ಲಿ ಪುಡಿ, ಪೌಚ್, ಕೂಲಿ, ಸಾಗಣೆ ಎಲ್ಲ ಕಳೆಯಿರಿ. 200 ಗ್ರಾಂ ತುಂಬಲು ಒಂದು ಪೌಚ್ ಸಾಕು. ಅದೇ ಪುಡಿಯನ್ನು 20 ಗ್ರಾಂನಂತೆ ತುಂಬಿದರೆ ಹತ್ತು ಪೌಚ್, ಹತ್ತು ಸೀಲು.

"ಸ್ಯಾಶೆಯಿಂದಲೇ ಚಿಕ್ ಶಾಂಪೂ ಗೆದ್ದಿತಲ್ವಾ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೌದು. ಚಿಕ್ ಕಟ್ಟಿದ ಸಿ.ಕೆ. ರಂಗನಾಥನ್ 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ 15,000 ರೂಪಾಯಿ ಇಟ್ಟುಕೊಂಡು ಶುರು ಮಾಡಿದರು. ಬರೀ ಸಣ್ಣ ಸ್ಯಾಶೆ ಮಾಡಿ ಕೂರಲಿಲ್ಲ. ಅವರ ಜನ ಹಳ್ಳಿಗಳಿಗೆ ಹೋಗಿ ಶಾಂಪೂ ಹಾಕಿ ತಲೆ ತೊಳೆದು ತೋರಿಸಿದರು. ಯಾವುದೇ ಕಂಪನಿಯ ಖಾಲಿ ಸ್ಯಾಶೆಗಳನ್ನು ತಂದವರಿಗೆ ಒಂದು ಚಿಕ್ ಉಚಿತ ಕೊಟ್ಟರು. ಆಮೇಲೆ ಚಿಕ್‌ನ ಖಾಲಿ ಸ್ಯಾಶೆಗೆ ಮಾತ್ರ ಅಂದರು. ಅದೂ ಅಲ್ಲದೆ ಶಾಂಪೂವನ್ನು ಯಾರೂ ಮನೆಯಲ್ಲಿ ಕುಟ್ಟಿಕೊಳ್ಳುವುದಿಲ್ಲ. ನಿಮ್ಮ ಎದುರಾಳಿ ಇನ್ನೊಂದು ಬ್ರ್ಯಾಂಡ್ ಅಲ್ಲ, ಪಕ್ಕದ ಮನೆಯ ಅಜ್ಜಿ.

ಹಾಗಾಗಿ ಸಣ್ಣ ಊರಾ ದೊಡ್ಡ ಊರಾ ಅಂತ ಕೇಳಬೇಡಿ. ಕುಟ್ಟುವವರು ಇಲ್ಲದ ಮನೆ ಯಾವುದು ಅಂತ ಹುಡುಕಿ. ಧಾರವಾಡದಲ್ಲೇ ಎಷ್ಟು ಹಾಸ್ಟೆಲ್, ಎಷ್ಟು ಬಾಡಿಗೆ ರೂಮು! ಪರೀಕ್ಷೆಗೆ ಓದಲು ಬಂದ ಹುಡುಗರು ಖಾನಾವಳಿ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾರೆ. 20 ರೂಪಾಯಿ ಪ್ಯಾಕ್ ಅವರಿಗೆ ಸರಿ. ಅವರ ರೂಮಿನ ಹತ್ತಿರದ ಅಂಗಡಿಗಳಲ್ಲಷ್ಟೇ ಇಟ್ಟು ನೋಡಿ.

ಈ ಪ್ರಶ್ನೋತ್ತರ ಗುಂಪಿನ ಇನ್ನೊಬ್ಬ ಸದಸ್ಯರು (ದಾವಣಗೆರೆಯ ಡಿಸ್ಟ್ರಿಬ್ಯೂಟರ್): ಒಂದು ಮಾತು ಸೇರಿಸುತ್ತೇನೆ ಸರ್. ಹೊಸಬರು ನಮ್ಮ ಹತ್ತಿರ ಬಂದು ಮಾರ್ಜಿನ್ ಬಗ್ಗೆಯೇ ಮಾತಾಡುತ್ತಾರೆ. ನಾವು ಕೇಳುವುದು ಬೇರೆ. ಡೇಟ್ ಮುಗಿದ ಮಾಲು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ? ಶೇಂಗಾ ಪುಡಿ ಕಮಟು ವಾಸನೆ ಬಂತು ಅಂದರೆ ಅಂಗಡಿಯವನು ನಿಮಗಲ್ಲ, ನಮಗೆ ಬೈಯುತ್ತಾನೆ.

ಸಲಹೆಗಾರ: ನೂರಕ್ಕೆ ನೂರು ನಿಜ. ವಾಪಸ್ ಬರುವ ಮಾಲನ್ನು ಮೊದಲ ದಿನದಿಂದಲೇ ಖರ್ಚಿನಲ್ಲಿ ಹಿಡಿಯಿರಿ.

ಮರುಪ್ರಶ್ನೆ: ಹತ್ತು ನಿಮಿಷದ ಡೆಲಿವರಿ ಆ್ಯಪ್‌ಗಳು ಹೇಗೆ ಸರ್? ಮತ್ತೆ ಸಂಬಂಧಿಕರ ದುಡ್ಡು ತೆಗೆದುಕೊಳ್ಳಬಹುದಾ?

ಸಲಹೆಗಾರ: ಬೆಂಗಳೂರಿಗೆ ಒಳ್ಳೆಯದೇ. ಆದರೆ ಅವರ ಗೋದಾಮಿನಲ್ಲಿ ಜಾಗ ಕಡಿಮೆ, ಹೋಗದ ಮಾಲನ್ನು ಬೇಗ ತೆಗೆಯುತ್ತಾರೆ. ಕಮಿಷನ್ ಜೊತೆ ಜಾಹೀರಾತಿಗೂ ಕೊಡಬೇಕಾಗುತ್ತದೆ. 180ರ ಪ್ಯಾಕಿನಲ್ಲಿ ಅದು ಹೊಂದುತ್ತಾ ಅಂತ ಮೊದಲು ಕಾಗದದ ಮೇಲೆ ಹಾಕಿ ನೋಡಿ. ದುಡ್ಡಿನ ವಿಷಯ: ಬೆಂಗಳೂರಿನಲ್ಲಿ ಒಮ್ಮೆ ಕೊಂಡವರು ಎರಡನೇ ಸಲ, ಮೂರನೇ ಸಲ ಕೊಳ್ಳುತ್ತಿದ್ದಾರಾ? ಆ ಪಟ್ಟಿ ತೆಗೆಯಿರಿ. ಅದು ಕೈಯಲ್ಲಿಲ್ಲದೆ ಯಾರ ದುಡ್ಡನ್ನೂ ಮುಟ್ಟಬೇಡಿ, ಸಂಬಂಧಿಕರದ್ದಂತೂ ಬೇಡವೇ ಬೇಡ.

ಮರುಪ್ರಶ್ನೆ: ಹಾಸ್ಟೆಲ್ ಹತ್ತಿರದ ಅಂಗಡಿಯವರು ಉದ್ರಿ ಕೇಳಿದರೆ?

ಸಲಹೆಗಾರ: ಕೇಳೇ ಕೇಳುತ್ತಾರೆ. ಮೊದಲ ಸಲ ಒಂದು ಡಜನ್ ಮಾತ್ರ ಕೊಡಿ. ಆ ಬಿಲ್ ತೀರಿದ ಮೇಲೆ ಮುಂದಿನ ಡಜನ್.