ಡೆಂಗ್ಯೂ ಸೊಳ್ಳೆ ಲೆಕ್ಕಕ್ಕೆ ಯಾವ ಟ್ರ್ಯಾಪ್? ಲೈಟ್ ಟ್ರ್ಯಾಪ್‌ನಲ್ಲಿ ಬರೀ ಕ್ಯೂಲೆಕ್ಸ್ ಬೀಳ್ತಿದೆ

ಸುಳ್ಯದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಸುಳ್ಯ ಕಡೆ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲೇ ನಾಲ್ಕು ಮನೆಗೆ ಡೆಂಗ್ಯೂ ಬಂತು, ನನ್ನ ವಿದ್ಯಾರ್ಥಿನಿಯೊಬ್ಬಳು ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಅದಕ್ಕೇ ಈ ಸಲ ಮಕ್ಕಳನ್ನು ಸೇರಿಸಿಕೊಂಡು ಸೊಳ್ಳೆ ಲೆಕ್ಕ ಇಡಲು ಹೊರಟಿದ್ದೇವೆ. ಕೇಳಿ ತಂದ ಒಂದು ಸಿಡಿಸಿ ಲೈಟ್ ಟ್ರ್ಯಾಪ್ ಇದೆ, ಬಲ್ಬಿನ ಬೆಳಕಿಗೆ ಬಂದ ಸೊಳ್ಳೆಯನ್ನು ಚೀಲಕ್ಕೆ ಎಳೆದುಕೊಳ್ಳುವಂಥದ್ದು. ದನದ ಹಟ್ಟಿ ಪಕ್ಕ ಆರು ರಾತ್ರಿ ನೇತುಹಾಕಿದೆವು. ಚೀಲದ ತುಂಬ ರಾತ್ರಿ ಹಾರುವ ಕ್ಯೂಲೆಕ್ಸ್ ಸೊಳ್ಳೆ, ಪತಂಗ, ಉದುರಿದ ರೆಕ್ಕೆ. ಡೆಂಗ್ಯೂ ಹರಡುವ ಈಡಿಸ್ ಸಿಕ್ಕಿದ್ದು ಎರಡೇ ಎರಡು. ಹಾಗಾದರೆ ನಮ್ಮಲ್ಲಿ ಈಡಿಸ್ ಕಡಿಮೆ ಅಂತಲಾ? ಬಿಜಿ ಸೆಂಟಿನೆಲ್ ಅನ್ನುವ ಟ್ರ್ಯಾಪ್ ತಗೊಳ್ಳಬೇಕಾ? ದುಡ್ಡು ಜಾಸ್ತಿ ಇಲ್ಲ. ಪ್ಯಾಂಟ್ ಮಡಚಿ ಕಾಲು ತೆರೆದು ಕೂತು, ಕಚ್ಚಲು ಬಂದದ್ದನ್ನು ಹಿಡಿಯಿರಿ ಅಂತಲೂ ಒಬ್ಬರು ಹೇಳಿದರು.

ಸೊಳ್ಳೆ ಬೆನ್ನು ಹತ್ತಿದವ:
ಮೇಷ್ಟ್ರೇ, ಮೊದಲು ಕೊನೆಯದಕ್ಕೆ ಉತ್ತರ. ಕಾಲು ತೆರೆದು ಕೂರುವುದು ಬೇಡವೇ ಬೇಡ. ಡೆಂಗ್ಯೂಗೆ ಮುಂಚೆಯೇ ನುಂಗಿಕೊಳ್ಳುವ ಮಾತ್ರೆ ಇಲ್ಲ, ಅದೂ ಮಕ್ಕಳನ್ನು ಕೂರಿಸುವುದು ತಪ್ಪು.

ಎರಡೇ ಸಿಕ್ಕಿತು ಅಂದರೆ ಕಡಿಮೆ ಇದೆ ಅಂತಲ್ಲ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಆಮೇಲೆ ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಜೋರು. ನಿಮ್ಮ ಬಲ್ಬು ಹೊತ್ತುವಷ್ಟರಲ್ಲಿ ಅದರ ದಿನದ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ಸಿಡಿಸಿ ಟ್ರ್ಯಾಪ್ 1962ರಲ್ಲಿ ಬಂದದ್ದು. ರಾತ್ರಿ ಹಾರುವ ಸೊಳ್ಳೆಗೆ ಅದು ಇವತ್ತಿಗೂ ಒಳ್ಳೆಯದೇ. ಮಂಡ್ಯ, ಕೋಲಾರದ ಕಡೆ ಮೆದುಳುಜ್ವರದ ಸೊಳ್ಳೆ ನೋಡಬೇಕು, ಗದ್ದೆ ಬದಿಯ ಕೊಟ್ಟಿಗೆ ಇದೆ ಅಂದರೆ ನಾನೂ ಅದನ್ನೇ ನೇತುಹಾಕುತ್ತೇನೆ.

ಬಿಜಿ ಸೆಂಟಿನೆಲ್ ಈಡಿಸ್‌ಗೆ ಅಂತಲೇ ಹೇಳಿ ಮಾಡಿಸಿದ ಹಾಗಿದೆ. ಬಿಳಿ ಮುಚ್ಚಳದ ನಡುವೆ ಕಪ್ಪು ಬಾಯಿ, ಒಳಗಿನ ಫ್ಯಾನು ಸೊಳ್ಳೆ ಎಳೆದುಕೊಳ್ಳುತ್ತದೆ, ಜೊತೆಗೆ ಮನುಷ್ಯರ ಮೈವಾಸನೆಯಂಥ ಗಾಳಿ ಮೇಲಕ್ಕೆ ಬಿಡುತ್ತದೆ. ನೆಲದ ಮೇಲೆ, ನೆರಳಲ್ಲಿ, ಮಳೆ ಬೀಳದ ಕಡೆ ಇಡಬೇಕು. ಆದರೆ ಬೆಲೆ ಜಾಸ್ತಿ, ಕರೆಂಟ್ ಹೋದರೆ ಆ ದಿನದ ಲೆಕ್ಕವೇ ಹೋಯಿತು.

ಅಡಿಕೆ ತೋಟದ ಅಕ್ಕ:
ಸರ್, ದುಡ್ಡಿಲ್ಲ ಅಂದರೆ ಓವಿಟ್ರ್ಯಾಪ್ ಮಾಡಿ, ಅಂದರೆ ಸೊಳ್ಳೆ ಬಂದು ಮೊಟ್ಟೆ ಇಡುವ ಲೋಟ. ನಾವು ಎರಡು ಮಳೆಗಾಲ ಅದನ್ನೇ ಮಾಡಿದ್ದು. ಪ್ಲಾಸ್ಟಿಕ್ ಲೋಟದ ಹೊರಗೆ ಕಪ್ಪು ಬಣ್ಣ ಬಳಿದು, ಅರ್ಧ ನೀರು ಹಾಕಿ, ಒಳಗೆ ಒಂದು ಒರಟು ಮರದ ಪಟ್ಟಿ ನಿಲ್ಲಿಸಿದೆವು. ಮೊಟ್ಟೆ ನೀರಲ್ಲಿ ಇರಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಒದ್ದೆ ಮರಕ್ಕೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳ ಹಾಗೆ ಅಂಟಿರುತ್ತದೆ. ಲೆನ್ಸ್ ಹಿಡಿದರೆ ಉದ್ದುದ್ದ ಕಾಣುತ್ತದೆ, ಮಕ್ಕಳಿಗೆ ಎಣಿಸಲು ಕಷ್ಟವಿಲ್ಲ.

ಒಂದು ಮಾತು ಮಾತ್ರ ಮರೀಬೇಡಿ. ವಾರ ದಾಟಲು ಬಿಡಬಾರದು. ನಮ್ಮಲ್ಲಿ ಒಂದು ಲೋಟ ಅಡಿಕೆ ಹಾಳೆಯ ಅಡಿ ಮರೆತುಹೋಗಿ ಹನ್ನೆರಡು ದಿನ ಉಳಿಯಿತು. ನೋಡಿದರೆ ಒಡೆದ ಗೂಡುಹುಳದ (ಪ್ಯೂಪಾ) ಸಿಪ್ಪೆ ತೇಲುತ್ತಿತ್ತು, ಅಂದರೆ ಸೊಳ್ಳೆ ನಾವೇ ಸಾಕಿ ಬಿಟ್ಟ ಹಾಗಾಯಿತು. ಆವತ್ತಿನಿಂದ ಪ್ರತಿ ಲೋಟಕ್ಕೆ ನಂಬರ್, ಐದನೇ ದಿನ ಖಾಲಿ. ಪಟ್ಟಿಯನ್ನೂ ಸುಮ್ನೆ ಒಣಗಿಸಿ ಎಸೆಯಬೇಡಿ, ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಲೆಕ್ಕ ಮುಗಿದ ಮೇಲೆ ಕುದಿಯುವ ನೀರಿಗೆ ಹಾಕಿ.

ಸುಳ್ಯದ ಮೇಷ್ಟ್ರು:
ಅಕ್ಕ, ತುಂಬಾ ಉಪಕಾರ ಆಯ್ತು. ಒಂದು ಅನುಮಾನ. ಮೊಟ್ಟೆ ನೋಡಿ ಈಡಿಸ್‌ನ ಯಾವ ಜಾತಿ, ಈಜಿಪ್ಟಿಯೋ ಆಲ್ಬೊಪಿಕ್ಟಸ್ಸೋ ಅಂತ ಹೇಳಬಹುದಾ? ಇನ್ನೊಂದು, ಲೋಟದಲ್ಲಿ 80 ಮೊಟ್ಟೆ, ಬಿಜಿಯಲ್ಲಿ 8 ಸೊಳ್ಳೆ ಅಂದರೆ ಹೋಲಿಸುವುದು ಹೇಗೆ?

ಸೊಳ್ಳೆ ಬೆನ್ನು ಹತ್ತಿದವ:
ಮೊಟ್ಟೆ ನೋಡಿ ಹೇಳುವುದು ಕಷ್ಟ. ಒಂದಷ್ಟನ್ನು ಪರದೆ ಕಟ್ಟಿದ ಡಬ್ಬದಲ್ಲಿ ದೊಡ್ಡದು ಮಾಡಿ. ಬೆನ್ನಿನ ನಡುವೆ ಒಂದೇ ಬಿಳಿ ಗೆರೆ ಇದ್ದರೆ ಆಲ್ಬೊಪಿಕ್ಟಸ್, ಎರಡು ಕಡೆಯಿಂದ ಬಾಗಿದ ಬೆಳ್ಳಿ ಗೆರೆ ಇದ್ದರೆ ಈಜಿಪ್ಟಿ. ನಿಮ್ಮ ಕಡೆ ರಬ್ಬರ್ ಚಿಪ್ಪು, ಅಡಿಕೆ ಹಾಳೆ, ತೆಂಗಿನ ಗೆರಟೆ ಅಂತ ನೀರು ನಿಲ್ಲುವಂಥದ್ದೆಲ್ಲಾ ಇರೋದರಿಂದ ತೋಟದಲ್ಲಿ ಆಲ್ಬೊಪಿಕ್ಟಸ್ ಜಾಸ್ತಿ ಸಿಗಬಹುದು. ಅದೂ ಡೆಂಗ್ಯೂ ಹರಡುತ್ತದೆ, ಬಿಡಬೇಡಿ.

80 ಮತ್ತು 8ನ್ನು ಪಕ್ಕಪಕ್ಕ ಇಡಲೇಬಾರದು. ಬಿಜಿಗೆ ಬೀಳುವುದು ಹೆಚ್ಚಾಗಿ ರಕ್ತ ಹುಡುಕುವ ಹೆಣ್ಣು, ಲೋಟಕ್ಕೆ ಬರುವುದು ರಕ್ತ ಕುಡಿದು ಮೊಟ್ಟೆ ತುಂಬಿಕೊಂಡದ್ದು. ಈಜಿಪ್ಟಿ ಒಂದೇ ಕಡೆ ಇಡುವುದಿಲ್ಲ, ಹಲವು ಕಡೆ ಹಂಚುತ್ತದೆ. ಸುತ್ತ ಹತ್ತು ಟೈರ್ ಇದ್ದರೆ ನಿಮ್ಮ ಲೋಟಕ್ಕೆ ಬರುವುದು ಸ್ವಲ್ಪವೇ. ಅದಕ್ಕೇ ಮೊಟ್ಟೆಗಿಂತ, ನೂರು ಲೋಟದಲ್ಲಿ ಎಷ್ಟರಲ್ಲಿ ಮೊಟ್ಟೆ ಇತ್ತು ಅನ್ನುವುದನ್ನು ವಾರವಾರ ಬರೆದಿಡಿ. ಏರಿಕೆ ಅದರಲ್ಲೇ ಗೊತ್ತಾಗುತ್ತದೆ.

ಟ್ರ್ಯಾಪ್‌ಗಳನ್ನೇ ಹೋಲಿಸಬೇಕು ಅಂದರೆ ಜಾಗ ಬದಲಿಸಿ. ಮೂರು ಟ್ರ್ಯಾಪ್, ಮೂರು ಜಾಗ, ಪ್ರತಿ ಸುತ್ತಿಗೂ ಒಂದೊಂದು ಜಾಗ ಮುಂದೆ. ಹಟ್ಟಿ ಪಕ್ಕದ್ದು ಯಾವಾಗಲೂ ಗೆಲ್ಲುತ್ತದೆ ಅಂದರೆ ಅದು ಹಟ್ಟಿಯ ಗುಣ, ಟ್ರ್ಯಾಪ್‌ದಲ್ಲ.

ಅಡಿಕೆ ತೋಟದ ಅಕ್ಕ:
ಸರ್, ಲೋಟದ ಬಾಯಿಗಿಂತ ಸ್ವಲ್ಪ ಕೆಳಗೆ ಒಂದು ತೂತು ಮಾಡಿ. ನಮ್ಮ ಕಡೆಯ ಮಳೆಗೆ ಇಲ್ಲದಿದ್ದರೆ ತುಂಬಿ ಹರಿದು ಪಟ್ಟಿಯೇ ತೇಲಿ ಹೋಗುತ್ತದೆ.