ಅಪ್‌ಡೇಟ್: ಎರೆಮಣ್ಣಿನಲ್ಲಿ ಹಳದಿಯಾಗುತ್ತಿದ್ದ ಹೊಂಗೆ ಸಸಿಗಳು

ಹೋದ ಮಳೆಗಾಲದಲ್ಲಿ ಇಲ್ಲಿ ಕೇಳಿದ್ದೆ: ದಾವಣಗೆರೆ ಪಕ್ಕದ ಎರೆನೆಲದ (ಜಿಗುಟಾದ ಕಪ್ಪು ಮಣ್ಣಿನ) ಸೈಟಿನಲ್ಲಿ ನೆರಳಿಗೆಂದು ನೆಟ್ಟ ಹೊಂಗೆ, ಗುಲ್‌ಮೊಹರ್ ಎಲೆ ಹಳದಿಯಾಗಿ ಉದುರುತ್ತಿವೆ, ಗೊಬ್ಬರ ಸಾಲದೇ ಅಂತ. ಗೊಬ್ಬರದ್ದಲ್ಲ, ನಿಂತ ನೀರಿನ ಕಾಟ. ನೀವು ಹೇಳಿದಂತೆ ಪಕ್ಕದಲ್ಲೇ 2 ಅಡಿ ಗುಂಡಿ ತೆಗೆದು ನೀರು ತುಂಬಿದರೆ ಮರುದಿನವೂ ಅರ್ಧ ಹಾಗೇ ಇತ್ತು.

ಎಡವಟ್ಟಾಗಿದ್ದು ಸಸಿ ನೆಡಲು ತೋಡಿದ 3 ಅಡಿ ಆಳದ ಗುಂಡಿಗೆ ಕೆಂಪು ಮಣ್ಣು, ಮರಳು ತುಂಬಿದ್ದರಿಂದ. ಸುತ್ತಲ ಎರೆ ನೀರು ಬಿಡುವುದಿಲ್ಲ, ಗುಂಡಿಯೇ ತೊಟ್ಟಿಯಾಗಿ ಬೇರು ಉಸಿರುಗಟ್ಟುತ್ತದೆ. ಹಸಿಯಲ್ಲಿ ಜೆಸಿಬಿ ತೋಡಿದ್ದಕ್ಕೆ ಗುಂಡಿಯ ಗೋಡೆ ಗಾರೆ ಸವರಿದಂತೆ ನುಣುಪಾಗಿ ನೀರು ಇಂಗದಂತಾಗಿತ್ತು ಬೇರೆ.

ಈ ಸಲ ಮಣ್ಣು ಹದಕ್ಕೆ ಬಂದಾಗ ನೆಟ್ಟಿದ್ದು. ಅಗಲ 4 ಅಡಿ, ಆಳ ಬೇರಿನ ಹೆಂಟೆಯಷ್ಟೇ (ಸಸಿಯ ಬೇರಿಗೆ ಅಂಟಿದ ಮಣ್ಣಿನ ಮುದ್ದೆ). ಗೋಡೆಯನ್ನು ಗುದ್ದಲಿಯಿಂದ ಕೆರೆದು ಒರಟು ಮಾಡಿ, ತೆಗೆದ ಎರೆಯನ್ನೇ ನಾಲ್ಕು ಬುಟ್ಟಿಗೆ ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆ. ಬುಡ ನೆಲಕ್ಕಿಂತ 3 ಇಂಚು ಮೇಲೆ, ಸುತ್ತ ಇಳಿಜಾರು ದಿಬ್ಬ. ಮೇಲೆ 3 ಇಂಚು ಅಡಿಕೆ ಸಿಪ್ಪೆ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು.

ಬೇಸಿಗೆಯ ಬಿರುಕು ಎಳೆ ಬೇರನ್ನು ಹರಿಯುತ್ತದೆ. ಬಿರುಕಿಗೆ ಪುಡಿ ಗೊಬ್ಬರ ತುಂಬಿ, 8-10 ದಿನಕ್ಕೊಮ್ಮೆ 20 ಲೀಟರ್ ನಿಧಾನವಾಗಿ ಬಿಡಬೇಕು. ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ.

ಗುಲ್‌ಮೊಹರ್ ಕೈಬಿಟ್ಟೆ, ಗಾಳಿಗೆ ಕೊಂಬೆ ಮುರಿಯುವ ಜಾತಿ. ಆ ಜಾಗಕ್ಕೆ ಬೇವು, ಕಾಂಪೌಂಡಿನಿಂದ 15 ಅಡಿ ದೂರ. ಹೊಂಗೆ ಹೊಸದಾಗಿ ಚಿಗುರಿದೆ.